ನೀರಂಟದ ಗರಿ

ಮೇಸ್ತ್ರಿ ಕೆಲಸ ಬಿಟ್ಟು ಮನೆಯಲ್ಲಿ ಕೂತ ದಿನದಿಂದ ಮನೆ ಚಿಕ್ಕದಾಯಿತು. ಗೋಡೆಗಳು ಇದ್ದಲ್ಲೇ ಇದ್ದವು. ಆದರೆ ನಲವತ್ತೊಂದು ವರ್ಷ ಬೆಳಕು ಹರಿಯುವ ಮೊದಲೇ ಬುತ್ತಿ ಹಿಡಿದು ಹೊರಟು, ಬಿಸಿಲು ಇಳಿದ ಮೇಲೆ ಬರುತ್ತಿದ್ದ ಗಂಡಸೊಬ್ಬ ಈಗ ಹೊತ್ತಿಡೀ ಒಳಗೇ ಸುಳಿದಾಡತೊಡಗಿದರೆ ಹೆಂಡತಿಗೆ ಅಡುಗೆಮನೆ ಸಾಲದು, ಸೊಸೆಗೆ ಮುಂಗೋಣೆ ಸಾಲದು. ಅವನಿಗಂತೂ ತನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ.

ಬಾತುಕೋಳಿ ಕೊಯ್ದು ಹಸನು ಮಾಡುವುದು ಅವನ ಕಸುಬು. ಊರಂಚಿನ ಶೆಡ್ಡಿನಲ್ಲಿ ಹದಿನಾಲ್ಕು ಜನರ ಮೇಲೆ ಅವನು ಮೇಸ್ತ್ರಿ. ಬೀದಿಯಲ್ಲೂ ಅದೇ ಹೆಸರು ಉಳಿದಿತ್ತು. ಅದು ಯಾರು ಬೇಕಾದರೂ ಮಾಡುವ ಕೆಲಸವಲ್ಲ. ಕೋಳಿಯಾದರೆ ಬಿಸಿನೀರಿಗೆ ಅದ್ದಿದ ಕೂಡಲೇ ಪುಕ್ಕ ಬಿಟ್ಟುಕೊಡುತ್ತದೆ. ಬಾತು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ನೀರು ಒಳಗಿಳಿಯಲಿ ಎಂದು ಸೋಪು ಬೆರೆಸಬೇಕು, ಕಾವು ಒಂದಿಷ್ಟು ಹೆಚ್ಚಿಡಬೇಕು; ಅಷ್ಟಾದರೂ ಉಳಿದ ಮೊಳಕೆ ಪುಕ್ಕ ಕೀಳಲು ಹಕ್ಕಿಯನ್ನು ಕಾದ ಮೇಣದಲ್ಲಿ ಮುಳುಗಿಸಿ, ತಣ್ಣೀರಿಗೆ ಹಾಕಿ, ಗಟ್ಟಿಯಾದ ಮೇಣವನ್ನು ಅಂಗಿ ಬಿಚ್ಚಿದ ಹಾಗೆ ಬಿಚ್ಚಬೇಕು. ದಿನಕ್ಕೆ ಇನ್ನೂರು ಮುನ್ನೂರು. ಕೊನೆಗೆ ಅವನ ಬಲಗೈ ಮಣಿಕಟ್ಟು ತುಕ್ಕು ಹಿಡಿದ ತಿರುಗಣೆಯಂತಾಯಿತು, ಶೆಡ್ಡಿಗೆ ಯಂತ್ರ ಬಂತು, ಎರಡೂ ಒಂದೇ ವರ್ಷ.

ಮುಂಗೋಣೆ ಸೊಸೆಯದು. ಮೂರು ವರ್ಷದಿಂದ ಅವಳು ಅಲ್ಲಿ ‘ಆಟದಮನೆ’ ನಡೆಸುತ್ತಿದ್ದಳು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡೂವರೆಯ ತನಕ ಮೂರರಿಂದ ಐದು ವರ್ಷದ ಹನ್ನೊಂದು ಮಕ್ಕಳು. ಅದರಲ್ಲಿ ಒಂದು ಅವಳದೇ ಮಗಳು. ಆ ಹುಡುಗಿ ಒಂದು ಗಳಿಗೆ ಒಂದು ಕಡೆ ನಿಲ್ಲದೆ ಸುತ್ತುವುದರಿಂದ ಅವಳನ್ನು ಎಲ್ಲರೂ ಬುಗುರಿ ಎನ್ನುತ್ತಿದ್ದರು. ಆಟದಮನೆಯಲ್ಲಿ ತಿಂಗಳಿಗೊಂದು ಪ್ರಾಣಿ. ಆ ಪ್ರಾಣಿಯನ್ನು ಕಾಗದದಲ್ಲಿ ಕತ್ತರಿಸುವುದು, ಬಣ್ಣ ಬಳಿಯುವುದು, ಜೇಡಿಮಣ್ಣಿನಲ್ಲಿ ಮಾಡುವುದು. ಮೀನು ಆಗಿತ್ತು, ಆಮೆ ಆಗಿತ್ತು. ಮೇಸ್ತ್ರಿ ಮನೆಯಲ್ಲಿ ಕೂತ ತಿಂಗಳು ಬಾತು. ಸೊಸೆ ಅದನ್ನು ವರ್ಷದ ಮೊದಲೇ ಪಟ್ಟಿಯಲ್ಲಿ ಬರೆದಿದ್ದಳು. ಮಾವನಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಮೊದಲ ಬೆಳಿಗ್ಗೆ ಮೇಸ್ತ್ರಿ ಅಭ್ಯಾಸದಂತೆ ಬೇಗ ಎದ್ದು, ಮಾಡಲು ಏನೂ ಇಲ್ಲದೆ, ಮುಂಗೋಣೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ. ಒಂಬತ್ತಕ್ಕೆ ಮಕ್ಕಳನ್ನು ಬಿಡಲು ತಾಯಂದಿರು ಬಂದರು. ಅವರಲ್ಲಿ ಹೆಚ್ಚಿನವರು ಆಚೆಯ ಹೊಸ ಬಡಾವಣೆಯವರು. ಈ ಬೀದಿಯ ಒಳಹೊರಗು ಗೊತ್ತಿಲ್ಲದವರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಅವನನ್ನು ನೋಡಿ ನಕ್ಕು, ನಿವೃತ್ತಿಯಾದಿರಂತೆ, ಯಾವ ಕೆಲಸದಲ್ಲಿದ್ದಿರಿ ಎಂದು ಕೇಳಿದಳು. ಮೇಸ್ತ್ರಿ ಬಾಯಿ ತೆರೆಯುವುದರೊಳಗೆ ಸೊಸೆ, ಮಗುವೊಂದರ ಚಪ್ಪಲಿ ಬಿಚ್ಚುತ್ತಾ ತಲೆ ಎತ್ತದೆ, “ಗೋದಾಮಿನಲ್ಲಿದ್ರು, ಮೇಲ್ವಿಚಾರಣೆ” ಎಂದಳು.

ಮೇಸ್ತ್ರಿ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

ಮಧ್ಯಾಹ್ನ ಊಟಕ್ಕೆ ಕೂತಾಗ ಸೊಸೆ ಇನ್ನೊಂದು ಮಾತು ತೆಗೆದಳು. ಅನ್ನ ಬಡಿಸುತ್ತಲೇ, ತಪ್ಪು ತಿಳಿಯಬಾರದು, ಗಂಡಸರು ಎದುರಿಗೇ ಕೂತಿದ್ದರೆ ಸಣ್ಣ ಮಕ್ಕಳು ಬೆದರುತ್ತವೆ, ಹನ್ನೆರಡೂವರೆಯ ತನಕ ನಡುಕೋಣೆಯಲ್ಲಿ ಇದ್ದರೆ ಅನುಕೂಲ ಎಂದಳು. ಮೇಸ್ತ್ರಿ ಆಗಲಿ ಎಂದ. ಅವನ ಹೆಂಡತಿ ಮಾತ್ರ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು.

“ಬೆದರೋದು ಮಕ್ಕಳೋ ಅವರ ಅಮ್ಮಂದಿರೋ?” ಎಂದಳು. “ನಿನ್ನ ಮುಂಗೋಣೆ ಗೋಡೆ ಎದ್ದದ್ದು ಯಾವ ಗೋದಾಮಿನ ದುಡ್ಡಿನಲ್ಲಮ್ಮಾ?”

ಸೊಸೆಯ ಕಿವಿ ಕೆಂಪಾಯಿತು. ಊರ ಬಸ್ಸು ಓಡಿಸುವ ಮಗ ಅಂದು ರಜೆಯಲ್ಲಿದ್ದ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತೆ ಅಮ್ಮನ ಮುಖ ಒಮ್ಮೆ ಹೆಂಡತಿಯ ಮುಖ ಒಮ್ಮೆ ನೋಡಿ, ಬೇಳೆಗೆ ಉಪ್ಪು ಸಾಕಾಗಿದೆ ಎಂದ. ಉಪ್ಪಿನ ಸುದ್ದಿ ಯಾರೂ ಎತ್ತಿರಲಿಲ್ಲ.

ಹೀಗೆ ಮೇಸ್ತ್ರಿ ನಡುಕೋಣೆ ಸೇರಿದ. ನಡುಕೋಣೆಗೂ ಮುಂಗೋಣೆಗೂ ನಡುವೆ ಒಂದು ಪರದೆ, ಅಷ್ಟೆ. ಮಂಚದ ಮೇಲೆ ಕೂತರೆ ಎಲ್ಲವೂ ಕೇಳುತ್ತಿತ್ತು; ಪರದೆ ಗಾಳಿಗೆ ಸರಿದಾಗ ಅಂಗೈಯಗಲದ ಸಂದಿಯಲ್ಲಿ ಕಾಣುತ್ತಲೂ ಇತ್ತು. ಮೊದಮೊದಲು ಬೇಡದ ಮನಸ್ಸಿನಿಂದಲೇ ನೋಡಿದ. ಆಮೇಲೆ ಕುರ್ಚಿಯನ್ನು ಸಂದಿಗೆ ಸರಿಯಾಗಿ ಎಳೆದಿಟ್ಟುಕೊಂಡ.

ಅವನಿಗೆ ಕತ್ತರಿ ಗೊತ್ತು, ಚಾಕು ಗೊತ್ತು. ಆದರೆ ಮೂರು ವರ್ಷದ ಕೈ ಕತ್ತರಿ ಹಿಡಿಯುವುದನ್ನು ಅವನು ನೋಡಿರಲಿಲ್ಲ. ಅವನ ಮಗ ಆ ವಯಸ್ಸಿನಲ್ಲಿದ್ದಾಗ ಅವನು ಮನೆಯಲ್ಲಿರಲಿಲ್ಲ. ಪರದೆಯಾಚೆ ಒಂದು ಮಗು ನಾಲಿಗೆ ಹೊರಗೆ ಚಾಚಿ, ಕತ್ತರಿ ಬಾಯಿ ತೆರೆದಾಗ ತನ್ನ ಬಾಯನ್ನೂ ತೆರೆದು, ಮುಚ್ಚಿದಾಗ ತಾನೂ ಮುಚ್ಚಿ, ಹಳದಿ ಕಾಗದದಲ್ಲಿ ಒಂದು ವಕ್ರ ವೃತ್ತ ತೆಗೆಯಲು ಕಾಲು ಗಂಟೆ ತೆಗೆದುಕೊಂಡಿತು. ವೃತ್ತ ಕೈಗೆ ಬಿದ್ದಾಗ ಅದನ್ನು ಎತ್ತಿ ಹಿಡಿದು, ಏನೂ ಇಲ್ಲದ ಕಡೆಯಿಂದ ಏನೋ ಬಂತು ಎಂಬಂತೆ ನೋಡಿತು. ಮೇಸ್ತ್ರಿ ಮುಂದೆ ಬಾಗಿದ. ತನ್ನ ಕತ್ತಿಯಿಂದ ಇದ್ದದ್ದು ಹೋಗುತ್ತಿತ್ತು, ಇಲ್ಲದ್ದು ಬಂದದ್ದಿಲ್ಲ.

ಕಾಗದದ ತಟ್ಟೆಗಳು ಬಾತಿನ ಮೈಯಾದವು. ಬಣ್ಣದಲ್ಲಿ ಅದ್ದಿದ ಪುಟ್ಟ ಅಂಗೈಗಳ ಅಚ್ಚು ರೆಕ್ಕೆಯಾಯಿತು. ಕೊಕ್ಕಿಗೆ ಕಿತ್ತಳೆ ಕಾಗದ. ಸಾಲಾಗಿ ಗೋಡೆಗೆ ಅಂಟಿಸಿದಾಗ ಮೇಸ್ತ್ರಿಗೆ ಒಂದೇ ತಕರಾರು. ಎರಡು ದಿನ ತಡೆದು, ಮೂರನೆಯ ದಿನ ಊಟದ ಹೊತ್ತಿಗೆ ಹೇಳಿಯೇಬಿಟ್ಟ: ಕೊಕ್ಕು ಚೂಪಾಗಿದೆ, ಅದು ಕಾಗೆಯದು, ಬಾತಿನದು ಚಮಚದ ಹಾಗೆ, ತುದಿ ದುಂಡಗೆ ಇರಬೇಕು. ಕಾಲ್ಬೆರಳುಗಳ ನಡುವೆ ತೊಗಲೂ ಇರಬೇಕು. ಸೊಸೆ, ಮಕ್ಕಳು ಮಾಡಿದ್ದು ಮಕ್ಕಳ ಹಾಗೇ ಇರಲಿ ಮಾವ, ಎಂದು ಮಾತು ಮುಗಿಸಿದಳು. ಆದರೆ ಮರುದಿನ ಬುಗುರಿಯ ಬಾತಿಗೆ ಮಾತ್ರ ಚಮಚದ ಕೊಕ್ಕು ಬಂದಿತ್ತು. ಅವಳು ಅದನ್ನು ಅಡುಗೆಮನೆಯ ಚಮಚವನ್ನೇ ಇಟ್ಟು ಗೆರೆ ಎಳೆದು ಕತ್ತರಿಸಿದ್ದಳು.

ಎರಡನೆಯ ವಾರ ಬಾತು ತೇಲಿಸುವ ದಿನ. ಸೊಸೆ ಬಟ್ಟೆ ಒಗೆಯುವ ದೊಡ್ಡ ಟಬ್ಬನ್ನು ಮುಂಗೋಣೆಯ ನಡುವೆ ಇಟ್ಟು ನೀರು ತುಂಬಿಸಿದಳು. ವಾರವಿಡೀ ಮಡಿಸಿ, ಅಂಟಿಸಿ, ಬಣ್ಣ ಹಚ್ಚಿದ ಹನ್ನೊಂದು ಕಾಗದದ ಬಾತುಗಳನ್ನು ಮಕ್ಕಳು ಎದೆಗವಚಿಕೊಂಡು ಬಂದು ಒಂದೊಂದಾಗಿ ಬಿಟ್ಟರು. ತೇಲಿದವು. ಹನ್ನೊಂದು ಗಂಟಲೂ ಒಟ್ಟಿಗೆ ಕೂಗಿದವು. ಆಮೇಲೆ ಮೊದಲನೆಯದರ ಹೊಟ್ಟೆ ಕಪ್ಪಾಗಿ ಒಂದು ಕಡೆಗೆ ವಾಲಿತು. ಎರಡನೆಯದರ ಕುತ್ತಿಗೆ ಬಾಗಿ ನೀರಿಗೆ ತಾಗಿತು. ಅಂಟು ಬಿಟ್ಟಿತು, ಬಣ್ಣ ಕರಗಿ ನೀರು ಹಳದಿಯಾಯಿತು. ಸ್ವಲ್ಪ ಹೊತ್ತಿಗೆ ಟಬ್ಬಿನ ತುಂಬ ಹಿಟ್ಟಿನಂಥ ಮುದ್ದೆ. ಒಂದು ಮಗು ಅಳತೊಡಗಿದ್ದೇ ತಡ, ಬೆಂಕಿ ಹುಲ್ಲಿಗೆ ಹತ್ತಿದಂತೆ ಎಲ್ಲ ಮಕ್ಕಳಿಗೂ ಹತ್ತಿತು. ಸೊಸೆ ಒಂದನ್ನು ಎತ್ತಿಕೊಂಡರೆ ಇನ್ನೊಂದು ಕಾಲಿಗೆ ಜೋತುಬೀಳುತ್ತಿತ್ತು. ಆ ಗದ್ದಲದಲ್ಲಿ ಅಳದೆ ಟಬ್ಬಿನ ಮೇಲೆ ಬಾಗಿ ನಿಂತವಳು ಬುಗುರಿ ಒಬ್ಬಳೇ.

“ಅಮ್ಮಾ, ನಿಜವಾದ ಬಾತು ಯಾಕೆ ಕರಗಲ್ಲ?”

ಸೊಸೆ ಇನ್ನೊಂದು ಮಗುವಿನ ಮೂಗು ಒರೆಸುತ್ತಿದ್ದಳು. ಪರದೆ ಸರಿಯಿತು. ಮೇಸ್ತ್ರಿ ಕೈಯಲ್ಲಿ ಒಂದು ಮೇಣದ ಬತ್ತಿ ಹಿಡಿದು ಬಂದು ನೆಲದ ಮೇಲೆ ಕೂತ. ಮೊಳಕಾಲು ಎರಡು ಸಲ ಲಟಕ್ಕೆಂದಿತು. ಆ ಸದ್ದಿಗೇ ಅರ್ಧ ಮಕ್ಕಳು ಅಳು ನಿಲ್ಲಿಸಿದವು.

ಅವನು ಒಂದು ಖಾಲಿ ಕಾಗದ ತೆಗೆದುಕೊಂಡು, ಅದಕ್ಕೆ ಎರಡೂ ಕಡೆ ಬತ್ತಿಯನ್ನು ಒತ್ತಿ ಒತ್ತಿ ಉಜ್ಜಿ, ಬುಗುರಿಯ ಕೈಗೆ ಕೊಟ್ಟು ನೀರಿಗೆ ಬಿಡು ಎಂದ. ನೀರು ಅದರ ಮೇಲೆ ಮುತ್ತು ಮುತ್ತಾಗಿ ಉರುಳಿತು. ಕಾಗದ ಒದ್ದೆಯಾಗಲಿಲ್ಲ. ಹೊಸ ಬಾತು ಮಾಡಿ, ಮೊದಲು ಇದನ್ನು ಉಜ್ಜಿ, ಆಮೇಲೆ ಮಡಿಸಿ ಎಂದ. ನಲವತ್ತೊಂದು ವರ್ಷ ಮೇಣದಿಂದ ಪುಕ್ಕ ಕಿತ್ತ ಕೈ ಅದು. ಮೇಣ ಎಲ್ಲಿ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ ಎಂದು ಆ ಕೈಗೆ ಯಾರೂ ಹೇಳಬೇಕಾಗಿರಲಿಲ್ಲ. ಹನ್ನೆರಡೂವರೆಗೆ ತಾಯಂದಿರು ಬಂದಾಗ ಟಬ್ಬಿನಲ್ಲಿ ಹನ್ನೊಂದು ಬಾತುಗಳು ಗಟ್ಟಿಯಾಗಿ ತೇಲುತ್ತಿದ್ದವು.

“ಮೇಣ ಹಚ್ಚಿದ್ರೆ ಕಾಗದ ಕರಗಲ್ಲ ಸರಿ,” ಎಂದಳು ಬುಗುರಿ ಊಟದ ಹೊತ್ತಿಗೆ. “ಬಾತಿಗೆ ಯಾರು ಹಚ್ಚೋದು?”

“ತೋರಿಸ್ತೀನಿ,” ಎಂದ ಮೇಸ್ತ್ರಿ. ಸೊಸೆ ಬೇಡ ಎನ್ನಲಿಲ್ಲ. ಎನ್ನಬೇಕೆಂದಿದ್ದಳು, ಟಬ್ಬಿನ ಹನ್ನೊಂದು ಬಾತು ಅವಳ ಬಾಯಿ ಕಟ್ಟಿದ್ದವು.

ಅವನು ಮರುದಿನ ಶೆಡ್ಡಿಗೆ ಹೋಗಿ ಹಳೆಯ ಜೊತೆಗಾರರಿಂದ ಒಂದು ಚೀಲ ಗರಿ ತಂದ. ಸೋಪಿನ ನೀರಿನಲ್ಲಿ ಮೂರು ಸಲ ಜಾಲಿಸಿ, ಕುದಿವ ನೀರು ಹೊಯ್ದು, ತಾರಸಿಯ ಮೇಲೆ ಹಳೆ ಸೊಳ್ಳೆಪರದೆಯ ಕೆಳಗೆ ಹರವಿದ. ಒಂದಷ್ಟು ಹೇಗೋ ಹಾರಿ ಒಗೆದ ಬಟ್ಟೆಗೆ ಅಂಟಿದವು. ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂದಹಾಗಾಯಿತು, ನಲವತ್ತು ವರ್ಷ ನಿಮ್ಮ ಅಂಗಿಯಿಂದ ಪುಕ್ಕ ಹೆಕ್ಕಿದ್ದು ಸಾಲದೆ ಎಂದಳು. ನಿಮಗೆ ಹೇಳುವುದೂ ಒಂದೇ, ಕೋಣನ ಮೇಲೆ ಮಳೆ ಸುರಿಯುವುದೂ ಒಂದೇ ಎಂದೂ ಸೇರಿಸಿದಳು.

“ಕೋಣ ನೆನೆಯುತ್ತೆ ಕಣೆ,” ಎಂದ ಮೇಸ್ತ್ರಿ. “ಬಾತು ನೆನೆಯಲ್ಲ. ಬಾತಿನ ಮೇಲೆ ಮಳೆ ಅನ್ನು ಬೇಕಾದ್ರೆ.”

ಅವಳು ನಗು ತಡೆಯಲಾಗದೆ ಬುಟ್ಟಿ ಎತ್ತಿಕೊಂಡು ಇಳಿದುಹೋದಳು.

ಸೋಮವಾರ ಹನ್ನೊಂದು ಮಕ್ಕಳು ಮೇಸ್ತ್ರಿಯ ಸುತ್ತ ಕೂತವು. ಅವನು ಬಿಳಿಯ ಉದ್ದ ಗರಿಯೊಂದನ್ನು ಅಂಗೈ ಮೇಲಿಟ್ಟು ಚಮಚದಿಂದ ನೀರು ಬಿಟ್ಟ. ಹನಿ ಗರಿಯ ಮೇಲೆ ಗುಂಡಗೆ ನಿಂತು, ಹೊಳೆದು, ಜಾರಿ ಬಿತ್ತು. ಬಾತಿನ ಬಾಲದ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಎಣ್ಣೆಯ ಗಂಟು ಇದೆ, ಅದು ಕೊಕ್ಕಿನಿಂದ ಆ ಎಣ್ಣೆ ತೆಗೆದು ದಿನಾ ಮೈಗೆಲ್ಲ ಹಚ್ಚಿಕೊಳ್ಳುತ್ತದೆ, ಅದಕ್ಕೆ ಮೇಣ ಹಚ್ಚುವವರು ಯಾರೂ ಬೇಡ ಎಂದು ಹೇಳಿದ. ಆಮೇಲೆ ಗರಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ಗರಿ ಹರಿದು ಹಲ್ಲು ಮುರಿದ ಬಾಚಣಿಗೆಯಂತಾಯಿತು. ಮಕ್ಕಳು ಅಯ್ಯೋ ಎಂದವು. ಮೇಸ್ತ್ರಿ ಬುಡದಿಂದ ತುದಿಗೆ ಬೆರಳನ್ನು ಒಮ್ಮೆ ಸವರಿದ, ಮತ್ತೊಮ್ಮೆ ಸವರಿದ. ಹರಿದ ಜಾಗ ಇಲ್ಲವಾಯಿತು. ಎಲ್ಲಿ ಹರಿದಿತ್ತೆಂದು ಹುಡುಕಿದರೂ ಸಿಗದಂತೆ ಗರಿ ಕೂಡಿಕೊಂಡಿತು.

ಮುಂಗೋಣೆಯಲ್ಲಿ ಸದ್ದೇ ಇರಲಿಲ್ಲ. ಹನ್ನೊಂದು ಮಕ್ಕಳಿರುವ ಕೋಣೆಯಲ್ಲಿ ಅಂಥ ಮೌನವನ್ನು ಸೊಸೆ ಮೂರು ವರ್ಷದಲ್ಲಿ ಕೇಳಿರಲಿಲ್ಲ.

ಒಬ್ಬೊಬ್ಬರಿಗೂ ಒಂದೊಂದು ಗರಿ ಕೊಟ್ಟ. ಹರಿಯುವುದು, ಕೂಡಿಸುವುದು. ಗುಂಡು ಎಂಬ ಹುಡುಗನೊಬ್ಬನಿದ್ದ. ಬೇರೆಯವರ ಚಿತ್ರ ಹರಿಯದೆ ಅವನಿಗೆ ದಿನ ಮುಗಿಯುತ್ತಿರಲಿಲ್ಲ. ಅವನು ಮೂಲೆಗೆ ಹೋಗಿ ಕೂತು ಹರಿದ, ಕೂಡಿಸಿದ, ಹರಿದ, ಕೂಡಿಸಿದ. ಅರ್ಧ ಗಂಟೆ ತಲೆ ಎತ್ತಲಿಲ್ಲ. ಮೇಸ್ತ್ರಿಯೂ ತನ್ನ ಕೈಲಿದ್ದ ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕೂದಲಿಗಿಂತ ತೆಳ್ಳನೆಯ ನೂರಾರು ಎಳೆ, ಎಳೆಗೊಂದು ಕೊಂಡಿ, ಪ್ರತಿ ಕೊಂಡಿಯೂ ಪಕ್ಕದ್ದರ ಕೈ ಹಿಡಿದಿದೆ. ಇಂಥವನ್ನು ಅವನು ಮೂಟೆಗಟ್ಟಲೆ ಕಿತ್ತಿದ್ದ, ಸಲಿಕೆಯಿಂದ ಬಾಚಿ ಚೀಲಕ್ಕೆ ತುಂಬಿದ್ದ. ಹೀಗೆ ಕೂಡುತ್ತದೆ ಎಂದು ಬೆರಳಿಗೆ ಗೊತ್ತಿತ್ತು. ಒಂದೇ ಒಂದನ್ನು ಹಿಡಿದು ನೋಡಿರಲಿಲ್ಲ.

“ಅಜ್ಜ, ನಿಮಗೆ ಇದೆಲ್ಲ ಹೇಗೆ ಗೊತ್ತು?” ಕೇಳಿದ್ದು ಬ್ಯಾಂಕಿನಾಕೆಯ ಮಗಳು.

ಅಂಟಿನ ಡಬ್ಬಿ ಮುಚ್ಚುತ್ತಿದ್ದ ಸೊಸೆಯ ಕೈ ನಿಂತಿತು. ಮೇಸ್ತ್ರಿ ಅವಳ ಕಡೆ ನೋಡಿದ. ಗೋದಾಮು ಎಂದರೆ ಮುಗಿಯುತ್ತಿತ್ತು. ಆದರೆ ಆ ಮಗು ಗರಿ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿತ್ತು, ಅದಕ್ಕೆ ಸುಳ್ಳು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ.

“ನಾನು ಬಾತು ಕೊಯ್ಯೋ ಕಡೆ ಕೆಲಸ ಮಾಡ್ತಿದ್ದೆ ಮಗು. ಜನ ಊಟಕ್ಕೆ ತಗೊಂಡು ಹೋಗ್ತಾರಲ್ಲ, ಅದು.”

ಮಕ್ಕಳು ಯೋಚಿಸಿದವು. ಗುಂಡು ಮೂಲೆಯಿಂದಲೇ ಕೇಳಿದ: “ಅವಕ್ಕೆ ನೋವಾಗಲ್ವಾ?”

“ಆಗುತ್ತೆ,” ಎಂದ ಮೇಸ್ತ್ರಿ. “ಅದಕ್ಕೇ ನಾನು ಬೇಗ ಮುಗಿಸ್ತಿದ್ದೆ.”

ಅದಾದ ಮೇಲೆ ಮಕ್ಕಳು ಗರಿಗಳನ್ನು ಬಾತಿನ ಮೈಗೆ ಅಂಟಿಸತೊಡಗಿದವು. ಅವಕ್ಕೆ ಆ ಮಾತು ಅಲ್ಲಿಗೆ ಮುಗಿದಿತ್ತು. ದೊಡ್ಡವರಿಗೆ ಮುಗಿದಿರಲಿಲ್ಲ. ಸಂಜೆ ಬ್ಯಾಂಕಿನಾಕೆ ಫೋನು ಮಾಡಿದಳು. ಮರುದಿನದಿಂದ ಅವಳ ಮಗಳು ಬರಲಿಲ್ಲ. ಇನ್ನೊಬ್ಬ ತಾಯಿ ಬಂದು, ಬಾಗಿಲಲ್ಲೇ ನಿಂತು, ಯೋಚಿಸಿ ಹೇಳುತ್ತೇನೆ ಎಂದಳು.

ಫೋನು ಬಂದ ಸಂಜೆಯ ಊಟದಲ್ಲಿ ತಟ್ಟೆಗಳ ಸದ್ದೇ ಹೆಚ್ಚಿತ್ತು. ಮೊದಲು ಸೊಸೆ, ಹೇಳುವ ಮುಂಚೆ ನನ್ನನ್ನೊಂದು ಮಾತು ಕೇಳಬಹುದಿತ್ತು ಎಂದಳು. ಅತ್ತೆ, ನಿಜ ಹೇಳುವುದಕ್ಕೂ ಸೊಸೆಯ ಅಪ್ಪಣೆ ಬೇಕೇ ಎಂದಳು. ಮಾತಿಗೆ ಮಾತು ಬೆಳೆದು, ನನ್ನ ಆಟದಮನೆ ಮುಚ್ಚಿಸಿಯೇ ನಿಮಗೆ ಸಮಾಧಾನ ಎನ್ನುವಲ್ಲಿಗೂ, ನನ್ನ ಗಂಡನನ್ನು ಪರದೆ ಹಿಂದೆ ಕೂರಿಸಿದವಳು ನೀನು ಎನ್ನುವಲ್ಲಿಗೂ ಬಂತು. ಮಗ ಎರಡು ಸಲ ಬಾಯಿ ಹಾಕಿ ಎರಡೂ ಕಡೆಯಿಂದ ಬೈಸಿಕೊಂಡ.

“ಮಾವನ ಕೆಲಸದ ಮೇಲೆ ನನಗೆ ಅಸಹ್ಯ ಇಲ್ಲ,” ಎಂದಳು ಸೊಸೆ. “ಜನರಿಗೆ ಇರುತ್ತೆ ಅಂತ ಭಯ. ಅಷ್ಟೇ ಅತ್ತೆ.”

ಮೇಸ್ತ್ರಿ ತಟ್ಟೆಯಿಂದ ಕೈ ತೆಗೆದ. ಇನ್ನು ತಾನು ಮುಂಗೋಣೆಗೆ ಬರುವುದಿಲ್ಲ, ಮನೆ ಇಬ್ಭಾಗ ಆಗುವಂಥ ದೊಡ್ಡ ಸಂಗತಿ ಇದಲ್ಲ ಎಂದು ಎದ್ದುಹೋದ. ಅವನು ಅರ್ಧ ಊಟಕ್ಕೆ ಎದ್ದದ್ದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕಂಡಿರಲಿಲ್ಲ.

ನಾಲ್ಕು ದಿನ ಪರದೆ ಅಲುಗಲಿಲ್ಲ. ಕುರ್ಚಿಯನ್ನೂ ಅವನು ಸಂದಿಯಿಂದ ಆಚೆಗೆ ತಿರುಗಿಸಿಕೊಂಡಿದ್ದ. ಐದನೆಯ ದಿನ ಬೆಳಿಗ್ಗೆ ಗುಂಡುವಿನ ತಾಯಿ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಗನನ್ನು ಒಳಗೆ ಕಳಿಸಿ ತಾನು ಹೋಗದೆ ನಿಂತಳು. ಇವಳೂ ಬಿಡಿಸುತ್ತಾಳೆ ಎಂದುಕೊಂಡು ಸೊಸೆ ನೆಲ ನೋಡಿದಳು. ಆ ತಾಯಿ ಹೇಳಿದ್ದು ಬೇರೆ. ಮಗ ದಾರಿಯಲ್ಲಿ ಬಿದ್ದಿದ್ದ ಪಾರಿವಾಳದ ಗರಿ ಎತ್ತಿಕೊಂಡು ಬಂದು ಸಂಜೆಯೆಲ್ಲ ಅದನ್ನು ಹರಿದು ಕೂಡಿಸುತ್ತಾ ಕೂರುತ್ತಾನೆ. ಮೊನ್ನೆ ತಾನು ಸಿಟ್ಟಿನಲ್ಲಿ ಒಂದು ಏಟು ಕೊಟ್ಟಾಗ ಅತ್ತು, ಆಮೇಲೆ ಹತ್ತಿರ ಬಂದು ಹೊಡೆದ ಅಮ್ಮನ ತೋಳನ್ನು ಕೆಳಗಿನಿಂದ ಮೇಲಕ್ಕೆ ಬೆರಳಿನಿಂದ ಸವರಿದ. ಏನೋ ಅದು ಎಂದು ಕೇಳಿದರೆ, ಕೂಡಿಸ್ತಿದ್ದೀನಿ ಎಂದ. ಇದನ್ನು ಇವನಿಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದಳು.

ಪರದೆಯ ಹಿಂದೆ ಮೇಸ್ತ್ರಿ ಕುರ್ಚಿಯನ್ನು ಇತ್ತ ತಿರುಗಿಸಿದ.

“ನಮ್ಮ ಮಾವ,” ಎಂದಳು ಸೊಸೆ. ಸ್ಪಷ್ಟವಾಗಿ, ಹೊರಗೆ ಚಪ್ಪಲಿ ಬಿಚ್ಚುತ್ತಿದ್ದ ಉಳಿದವರಿಗೂ ಕೇಳುವ ಹಾಗೆ ಹೇಳಿದಳು: “ನಲವತ್ತೊಂದು ವರ್ಷ ಬಾತು ಕೊಯ್ಯೋ ಶೆಡ್ಡಿನಲ್ಲಿದ್ರು. ಮೇಸ್ತ್ರಿ.”

ಆಮೇಲೆ ಒಳಗೆ ಬಂದು ಪರದೆಯನ್ನು ಒಂದು ಬದಿಗೆ ಎಳೆದು ಮೊಳೆಗೆ ಸಿಕ್ಕಿಸಿದಳು. ಮಾವನ ಮುಖ ನೋಡದೆ, ಬನ್ನಿ, ಮಕ್ಕಳು ಕಾಯ್ತಿದ್ದಾವೆ ಎಂದಳು.

ಹೀಗೆ ಮೇಸ್ತ್ರಿಯ ಕುರ್ಚಿ ಮುಂಗೋಣೆಗೆ ಮರಳಿತು. ಅವನು ಕೂರುತ್ತಿದ್ದದ್ದು ಮಾತ್ರ ನೆಲದ ಮೇಲೆ. ಬ್ಯಾಂಕಿನಾಕೆಯ ಮಗಳು ಬರಲೇ ಇಲ್ಲ. ಉಳಿದವರು ಉಳಿದರು. ಮಣ್ಣಿನ ಬಾತಿನ ವಾರ ಬಂದಾಗ ಅವನು ಹೇಳಿದ್ದೇ ಹೇಳಿದ್ದು: ಕುತ್ತಿಗೆ ಎಲ್ಲಿ ಬಾಗುತ್ತದೆ, ಎದೆಮೂಳೆ ದೋಣಿಯ ತಳದ ಹಾಗೆ ಹೇಗಿರುತ್ತದೆ, ಕಾಲು ಯಾಕೆ ಅಷ್ಟು ಹಿಂದಕ್ಕಿರುತ್ತದೆ. ಅವನಿಗೆ ತಿಳಿಯದ್ದು ಯಾವುದೂ ಇಲ್ಲವೆಂದು ಮಕ್ಕಳಷ್ಟೇ ಅಲ್ಲ, ಸೊಸೆಯೂ ನಂಬಿದ್ದಳು. ಆಗ ಬುಗುರಿ ಮಣ್ಣಿನ ಕಾಲು ಅಂಟಿಸುತ್ತಾ ಕೇಳಿದಳು, ನೀರಿನ ಕೆಳಗೆ ಬಾತು ಕಾಲನ್ನು ಹೇಗೆ ಆಡಿಸುತ್ತೆ, ನಾಯಿ ಥರವಾ, ಕಪ್ಪೆ ಥರವಾ ಎಂದು.

ಮೇಸ್ತ್ರಿ ಆ ಮಣ್ಣಿನ ಕಾಲನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸಿ ನೋಡಿದ.

“ಗೊತ್ತಿಲ್ಲ ಪುಟ್ಟಾ. ನಾನು ನೋಡಿಲ್ಲ.”

“ಏನು ನೋಡಿಲ್ಲ ಮಾವ?” ಎಂದಳು ಸೊಸೆ.

“ಬಾತು ನೀರಲ್ಲಿರೋದು.”

ಸೊಸೆ ಬಟ್ಟಲು ಕೆಳಗಿಟ್ಟಳು. ಬಾತುಗಳು ಶೆಡ್ಡಿಗೆ ಲಾರಿಯಲ್ಲಿ, ಪೆಟ್ಟಿಗೆಯಲ್ಲಿ, ಕುತ್ತಿಗೆ ಎತ್ತಲೂ ಜಾಗವಿಲ್ಲದೆ ಬರುತ್ತಿದ್ದವು ಎಂದು ಅವನು ಹೇಳಿದ. ಅವು ನಡೆಯುವುದನ್ನು ನಾಲ್ಕಾರು ಸಲ ಕಂಡಿದ್ದ, ತಪ್ಪಿಸಿಕೊಂಡಾಗ. ವಾರಕ್ಕೊಂದು ರಜೆ, ಅಂದು ನಿದ್ದೆ. ಊರಾಚೆ ಕೆರೆಯಿದೆ, ಅಲ್ಲಿ ಬಾತುಗಳಿವೆ ಎಂದು ಕೇಳಿದ್ದ. ಹೋಗಿರಲಿಲ್ಲ.

ಶನಿವಾರ ಮಗನ ಬಸ್ಸಿನಲ್ಲೇ ಎಲ್ಲರೂ ಹೊರಟರು. ಅವನ ಮಾರ್ಗದ ಕೊನೆಯ ನಿಲ್ದಾಣವೇ ಕೆರೆ. ಹತ್ತು ಮಕ್ಕಳು, ನಾಲ್ಕು ತಾಯಂದಿರು, ಅತ್ತೆ, ಸೊಸೆ, ಒಂದು ಬುಟ್ಟಿ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಮಗ ಬಾಗಿಲು ಮುಚ್ಚುವ ಮೊದಲು ಎರಡೆರಡು ಸಲ ತಲೆ ಎಣಿಸಿದ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಮೊಳಕಾಲಿನ ಮೇಲೆ ಕೈಯಿಟ್ಟು, ಹೆಣ್ಣು ನೋಡಲು ಹೊರಟವನಂತೆ ಕೂತಿದ್ದ. ಹಾಗೆ ಹೇಳಿ ನಕ್ಕವಳು ಅವನ ಹೆಂಡತಿಯೇ.

ಕೆರೆಯ ಮೇಲೆ ನಲವತ್ತೈವತ್ತು ಬಾತುಗಳಿದ್ದವು. ಮೇಸ್ತ್ರಿ ದಡದಲ್ಲಿ ನಿಂತ. ಒಂದೊಂದೂ ಎಷ್ಟು ತೂಗುತ್ತದೆಂದು ಅವನ ಮಣಿಕಟ್ಟಿಗೆ ಗೊತ್ತಿತ್ತು. ಆ ತೂಕ ಎತ್ತಿ ಎತ್ತಿಯೇ ಮಣಿಕಟ್ಟು ಕೆಟ್ಟಿತ್ತು. ಇಲ್ಲಿ ಅವಕ್ಕೆ ತೂಕವೇ ಇರಲಿಲ್ಲ. ಯಾರೂ ನೂಕದೆ, ಯಾವ ಸದ್ದೂ ಇಲ್ಲದೆ, ಹಿಂದೆ ಎರಡು ಗೆರೆ ಬಿಡಿಸುತ್ತಾ ಜಾರಿ ಹೋಗುತ್ತಿದ್ದವು. ಶೆಡ್ಡಿನಲ್ಲಿ ಅವು ಎಷ್ಟು ಅಡ್ಡಾದಿಡ್ಡಿ, ಎಷ್ಟು ಒಡ್ಡೊಡ್ಡು. ಇದು ಅದೇ ಹಕ್ಕಿಯೇ ಎಂದು ಅವನು ಕಣ್ಣುಜ್ಜಿಕೊಂಡ.

ನಡುವಿನ ಒಂದು ಬಾತು ಇದ್ದಕ್ಕಿದ್ದಂತೆ ತಲೆಕೆಳಗಾಯಿತು. ಬಾಲ ಮೇಲೆ, ಕಾಲು ಗಾಳಿಯಲ್ಲಿ, ತಲೆಯೇ ಕಾಣದು. ಮೇಸ್ತ್ರಿ ಗಾಬರಿಯಿಂದ ಒಂದು ಹೆಜ್ಜೆ ನೀರಿಗೇ ಇಟ್ಟುಬಿಟ್ಟ. ಚಪ್ಪಲಿ ಕೆಸರಿಗೆ ಇಳಿಯಿತು.

“ಮುಳುಗ್ತಿದೆ,” ಎಂದ.

ಮಕ್ಕಳು ಬಿದ್ದು ಬಿದ್ದು ನಕ್ಕವು. ಬುಗುರಿ ಅಜ್ಜನ ಅಂಗಿಯ ಚುಂಗು ಹಿಡಿದು, ಅದು ಊಟ ಮಾಡ್ತಿದೆ ಅಜ್ಜ, ಕೆಳಗಿನ ಪಾಚಿ ತಿಂತಿದೆ ಎಂದು ದೊಡ್ಡವಳಂತೆ ತಿಳಿಸಿ ಹೇಳಿದಳು. ಬಾತು ಮತ್ತೆ ನೆಟ್ಟಗಾಗಿ, ತಲೆ ಕೊಡವಿತು. ಹನಿಗಳು ಸಿಡಿದು ಹೋದವು. ಕುತ್ತಿಗೆ ಒಣಗಿಯೇ ಇತ್ತು.

ಬ್ರೆಡ್ಡಿನ ಆಸೆಗೆ ಒಂದು ದಡದ ತೀರಾ ಹತ್ತಿರ ಬಂತು. ಅಲ್ಲಿ ನೀರು ತಿಳಿಯಾಗಿತ್ತು. ಮೇಸ್ತ್ರಿ ಕೆಸರಿನಲ್ಲೇ ಮೊಳಕಾಲೂರಿ ಬಾಗಿದ. ಕಾಲು ಮುಂದಕ್ಕೆ ಬರುವಾಗ ಬೆರಳುಗಳು ಮಡಚಿಕೊಂಡು, ಮೊಗ್ಗಾಗಿ, ನೀರಿಗೂ ತಿಳಿಯದಂತೆ ಬಂದವು. ಹಿಂದಕ್ಕೆ ತಳ್ಳುವಾಗ ತೊಗಲು ಬಿಚ್ಚಿ ಅರಳಿತು. ಒಂದು ಮುಚ್ಚಿದಾಗ ಇನ್ನೊಂದು ತೆರೆಯುವುದು. ಆ ಕಾಲುಗಳನ್ನು ಅವನು ಜೋಡಿ ಜೋಡಿಯಾಗಿ ಬುಟ್ಟಿಗೆ ಎಸೆದಿದ್ದ. ಅವು ಯಾತಕ್ಕೆ ಹಾಗಿವೆಯೆಂದು ಈಗ ಕಂಡ. ಬಹಳ ಹೊತ್ತು ಏಳಲಿಲ್ಲ. ಸೊಸೆ ಪಕ್ಕದಲ್ಲಿ ಬಂದು ಕೂತು, ಸೀರೆ ಕೆಸರಾಗುವುದನ್ನೂ ಲೆಕ್ಕಿಸದೆ, ಅವನು ನೋಡಿದಲ್ಲಿಗೇ ನೋಡಿದಳು.

“ಕಪ್ಪೆ ಥರ ಅಲ್ಲ,” ಎಂದ ಅವನು ಕೊನೆಗೆ, ಪಿಸುದನಿಯಲ್ಲಿ. “ಯಾರ ಥರಾನೂ ಅಲ್ಲ.”

ಸೋಮವಾರ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಮೇಸ್ತ್ರಿ ಸೊಸೆಯನ್ನು ಒಂದು ಬಿಳಿ ಕಾಗದ, ಒಂದು ನೀಲಿ ಕಾಗದ ಕೇಳಿದ. ಮಕ್ಕಳ ಕತ್ತರಿಯ ಉಂಗುರದೊಳಗೆ ಅವನ ಬೆರಳು ಹೋಗಲಿಲ್ಲ. ಹೆಂಡತಿ ಅಡುಗೆಮನೆಯ ಕತ್ತರಿ ಒರೆಸಿ ತಂದುಕೊಟ್ಟಳು. ಮಣಿಕಟ್ಟು ಅಡ್ಡಬಂದಾಗ ಅವನು ಕತ್ತರಿಯ ಬದಲು ಕಾಗದವನ್ನೇ ತಿರುಗಿಸಿದ. ನಾಲಿಗೆ ತುದಿ ಹೊರಗೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಕಾಲು ಗಂಟೆಯಲ್ಲ, ಒಂದು ಗಂಟೆ ಹಿಡಿಯಿತು. ಸೊಸೆ ಅದನ್ನು ಗೋಡೆಯ ಮೇಲೆ ಮಕ್ಕಳ ಬಾತುಗಳ ನಡುವೆ, ಅವರ ಕೈಗೆಟುಕುವಷ್ಟು ಎತ್ತರದಲ್ಲಿ ಅಂಟಿಸಿದಳು.

ಮಕ್ಕಳು ಬಂದು ಸುತ್ತ ನಿಂತವು. ನೀಲಿ ನೀರು, ನೀರಿನ ಮೇಲೆ ಒಂದು ಬಾಲ, ಅಷ್ಟೆ.

“ಅಜ್ಜ, ತಲೆ ಎಲ್ಲಿ?” ಎಂದ ಗುಂಡು. “ಕತ್ತರಿಸಿಬಿಟ್ರಾ?”

ತಾಯಂದಿರಲ್ಲಿ ಒಬ್ಬಳು ಕೆಮ್ಮಿದಳು. ಮೇಸ್ತ್ರಿ ಎತ್ತಿ ನೋಡು ಎಂದು ಕಣ್ಣಲ್ಲೇ ತೋರಿಸಿದ. ನೀಲಿ ಕಾಗದಕ್ಕೆ ಮೇಲಿನ ಅಂಚಿನಲ್ಲಷ್ಟೇ ಅಂಟು ಹಾಕಿತ್ತು. ಗುಂಡು ಕೆಳಗಿನ ತುದಿ ಹಿಡಿದು ಮೆಲ್ಲನೆ ಎತ್ತಿದ. ನೀರಿನ ಕೆಳಗೆ ಉದ್ದನೆಯ ಕುತ್ತಿಗೆ ಬಾಗಿ ಇಳಿದಿತ್ತು. ಅದರ ಕೊನೆಯಲ್ಲಿ ತಲೆ, ಅಗಲವಾಗಿ ತೆರೆದ ಕಣ್ಣು, ಚಮಚದಂಥ ಕೊಕ್ಕಿನ ತುಂಬ ಹಸಿರು ಪಾಚಿ.

ಗುಂಡು ಕಾಗದ ಕೆಳಗೆ ಬಿಟ್ಟು, ಮತ್ತೆ ಎತ್ತಿ ನೋಡಿದ. ಆಮೇಲೆ ಬುಗುರಿ ನೋಡಿದಳು. ಉಳಿದ ಮಕ್ಕಳು ಯಾರೂ ಹೇಳದೆ ಸಾಲಾಗಿ ನಿಂತರು. ಒಬ್ಬೊಬ್ಬರೂ ಎತ್ತಿ, ನೋಡಿ, ಉಸಿರೆಳೆದು, ಮತ್ತೆ ಹೋಗಿ ಸಾಲಿನ ಕೊನೆಗೆ ನಿಂತರು. ಮೂರನೆಯ ಸುತ್ತಿಗೆ ಆ ಸಾಲಿನ ಕೊನೆಯಲ್ಲಿ, ಕೈಯಲ್ಲಿ ಅಂಟಿನ ಡಬ್ಬಿ ಹಿಡಿದು, ಸೊಸೆಯೂ ನಿಂತಿದ್ದಳು.